ಕಾಗಿಣಾದ ಕೆಸರು, ಪೇಟೆಯ ಚೌಕಟ್ಟು

ಜಿಲ್ಲಾ ಕೇಂದ್ರದ ಒಂದು ಸಭಾಂಗಣದಲ್ಲಿ ಈಚೆಗೆ ಚಿತ್ರಪ್ರದರ್ಶನವೊಂದು ನಡೆಯಿತು. ವಿಷಯ, 2025ರ ಸೆಪ್ಟೆಂಬರಿನ ಮಹಾಪೂರ. ಉದ್ಘಾಟನೆಗೆ ದೊಡ್ಡವರು ಬಂದಿದ್ದರು. ದೀಪ ಹಚ್ಚಿದರು, ಶಾಲು ಹೊದಿಸಿದರು, ಹಾರ ತುರಾಯಿ ಆಯಿತು. ಭಾಷಣಕಾರ ಮಹನೀಯರೊಬ್ಬರು ದುಃಖದಿಂದಲೇ ಸೌಂದರ್ಯ ಹುಟ್ಟುತ್ತದೆಂದು ಅಪ್ಪಣೆ ಕೊಡಿಸಿದರು. ಚಪ್ಪಾಳೆ ಬಿತ್ತು. ನಾವು ಹಿಂದಿನ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಜೊತೆ ಮಳಖೇಡದಿಂದ ಬಂದ ಇಬ್ಬರು ಕೂಲಿಕಾರ ಸಂಗಾತಿಗಳಿದ್ದರು. ಅವರಿಗೆ ಕುರ್ಚಿ ಸಿಗಲಿಲ್ಲ, ಅದಿರಲಿ.

ಭಾಷಣ ಮುಗಿದ ಮೇಲೆ ಚಿತ್ರ ನೋಡುತ್ತ ಹೊರಟೆವು. ಒಂದು ಚಿತ್ರದ ಮುಂದೆ ನಮ್ಮ ಸಂಗಾತಿ ನಿಂತುಬಿಟ್ಟ. ಕೋಟೆಯ ಗೋಡೆಯ ಬುಡದಲ್ಲಿ ಮುದುಕಿಯೊಬ್ಬಳು ಪರಸಿ ಕಲ್ಲಿನ ಮೇಲೆ ನೆನೆದ ಜೋಳ ಹರವಿಕೊಂಡು ಕುಳಿತಿದ್ದಾಳೆ. ಹಿಂದೆ ರಾಡಿ ನೀರು. ಮುದುಕಿಯ ಕೈಬೆರಳುಗಳ ಬಿರುಕು ಸಹ ಕಾಣುವಂತೆ ಬರೆದಿದ್ದಾರೆ. ಜೋಳದ ಕಾಳಿಗೆ ಬಂಗಾರದ ಬಣ್ಣ. ಕೆಳಗೊಂದು ಚೀಟಿ: 25,000 ರೂಪಾಯಿ.

"ಇಕಿ ನಮ್ಮ ಓಣಿ ಆಯಿ ಅದಾಳ್ರೀ ಮಾಸ್ತರ್ರೆ" ಎಂದ ಸಂಗಾತಿ. "ಇಕಿಗಿ ಇನ್ನಾ ಒಂದು ಪೈಸಾ ಬಂದಿಲ್ಲ."

ನಾವು ಈ ಲೇಖನ ಬರೆಯಲು ಕೂತಿದ್ದು ಆ ಎರಡು ಮಾತಿನ ದೆಸೆಯಿಂದ. ಚಿತ್ರಕ್ಕೆ ಬೆಲೆ ಕಟ್ಟಿದ ಸಮಾಜ ಚಿತ್ರದೊಳಗಿನ ಜೋಳಕ್ಕೆ ಏನು ಬೆಲೆ ಕಟ್ಟಿದೆ ಎಂಬುದನ್ನು ಓದುಗ ಬಂಧುಗಳು ಮೊದಲು ತಿಳಿಯಬೇಕು. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ವಿಪತ್ತು ಪರಿಹಾರದ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,400. ಈ ಸಲ ರಾಜ್ಯ ಸರ್ಕಾರ ತನ್ನ ಕಡೆಯಿಂದ ಅಷ್ಟನ್ನೇ ಸೇರಿಸಿ 17,000 ಮಾಡುವುದಾಗಿ ಸಾರಿತು. ಆಗಲೂ ಎಕರೆಗೆ 7,000 ಮುಟ್ಟಲಿಲ್ಲ. ಬೀಜ, ಗೊಬ್ಬರ, ಔಷಧ, ಗಳೆ ಬಾಡಿಗೆ, ಕಳೆ ಕೂಲಿ ಇವುಗಳ ಖರ್ಚನ್ನು ತೊಗರಿ ಬೆಳೆಯುವ ಯಾವ ರೈತನನ್ನಾದರೂ ಕೇಳಿ ನೋಡಿರಿ. ಮನೆಯೊಳಗಿನ ಬಟ್ಟೆಬರೆಗೆ 2,500, ಪಾತ್ರೆಪಗಡಕ್ಕೆ 2,500. ಇದಕ್ಕೂ ಒಂದು ಷರತ್ತು ಉಂಟು: ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೆ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ಮುಳುಗಿರಬೇಕು. ಕಾಗಿಣಾ ಹೊಳೆ ಈ ನಿಯಮ ಓದಿಲ್ಲ. ಅದು ರಾತ್ರಿ ಬಂದು ಮರುದಿನ ಸಂಜೆಗೆ ಇಳಿದುಹೋದರೆ ಕೌದಿ ನೆನೆಯಲಿಲ್ಲವೆಂದು ಅರ್ಥವೇ? ಹಿಟ್ಟು ಹುಳಿಯಾಗಲಿಲ್ಲವೆಂದು ಅರ್ಥವೇ?

ಆಯಿಗೆ ಹೊಲವಿಲ್ಲ. ಆದ್ದರಿಂದ ಬೆಳೆ ಕಲಮಿನಲ್ಲಿ ಆಕೆಗೆ ಸೊನ್ನೆ. ಆಕೆಯ ಮಗ ಪರರ ಹೊಲವನ್ನು ಲಾವಣಿಗೆ ಮಾಡಿದ್ದ. ಮುಂಗಡ ರೊಕ್ಕ ಕೊಟ್ಟವನು ಅವನು, ಬಿತ್ತಿದವನು ಅವನು, ತೊಗರಿ ಕೊಳೆತಾಗ ತಲೆಯ ಮೇಲೆ ಕೈ ಹೊತ್ತವನೂ ಅವನು. ಪಹಣಿಯಲ್ಲಿ ಹೆಸರು ಮಾತ್ರ ಪೇಟೆಯಲ್ಲಿರುವ ಧಣಿಯದು. ಪರಿಹಾರ ಪಹಣಿಯ ಹಿಂದೆ ಹೋಗುತ್ತದೆ, ಬೆವರಿನ ಹಿಂದೆ ಹೋಗುವುದಿಲ್ಲ. ನಮ್ಮ ಸೀಮೆಯಲ್ಲಿ ಲಾವಣಿ ಎಂದರೆ ಹಾಡೂ ಹೌದು, ಗುತ್ತಿಗೆಯೂ ಹೌದು. ಹಾಡಿನ ಲಾವಣಿ ಕೇಳಲು ಸಭಾಂಗಣ ತುಂಬುತ್ತದೆ. ಹೊಲದ ಲಾವಣಿಯ ಗೋಳು ಕೇಳುವವರಿಲ್ಲ.

ಇಷ್ಟು ಹೇಳಿದೊಡನೆ ನಮ್ಮ ಮಿತ್ರರು ಕೆಲವರು, ಈ ಸಮಾಜವಾದಿಗಳಿಗೆ ಕಲೆಯೆಂದರೆ ಆಗುವುದಿಲ್ಲ, ಎಲ್ಲದರಲ್ಲೂ ರೊಟ್ಟಿಯ ಲೆಕ್ಕ ಎಂದು ಮೂಗು ಮುರಿಯುತ್ತಾರೆ. ಇದು ಸುಳ್ಳು. ಚಿತ್ರಕೂಟದಲ್ಲಿ ರಾಮಾಯಣ ಮೇಳ ನಡೆಸಬೇಕೆಂದು ಹಟ ಹಿಡಿದವರು ಡಾಕ್ಟರ್ ರಾಮಮನೋಹರ ಲೋಹಿಯಾ. 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹದಲ್ಲಿ ದಸ್ತಗಿರಿಯಾದವರೂ ಅವರೇ. ಶಾಂತವೇರಿ ಗೋಪಾಲಗೌಡರ ಸುತ್ತ ಕವಿಗಳು, ಕತೆಗಾರರು ಇರುತ್ತಿದ್ದರು. ಗೇಣಿಯ ಮಾತು ಮತ್ತು ಕಾವ್ಯದ ಮಾತು ಒಂದೇ ಬಾಯಲ್ಲಿ ಬಂದರೆ ಬಾಯಿ ಮೈಲಿಗೆಯಾಗುತ್ತದೆಂದು ಅವರು ತಿಳಿದಿರಲಿಲ್ಲ. ನಮ್ಮ ತಕರಾರು ಕಲೆಯ ಮೇಲಲ್ಲ. ನೆರೆಯನ್ನು ದೇವರ ಮುನಿಸಾಗಿ, ನಿಸರ್ಗದ ಲೀಲೆಯಾಗಿ, ಮೌನವಾಗಿ, ಬಣ್ಣವಾಗಿ ಮಾರುವ ಕಲೆಯ ಮೇಲೆ ನಮ್ಮ ತಕರಾರು.

ಏಕೆಂದರೆ ನೆರೆ ಬರೀ ಮಳೆಯಲ್ಲ. ಕಾಗಿಣಾ ತೆಲಂಗಾಣದ ಕಡೆಯಿಂದ ತಾಂಡೂರಿನ ಮೇಲೆ ಹಾದು ಸೇಡಂ ಸೀಮೆಗೆ ಇಳಿದು ಬರುತ್ತದೆ. ಚಿಂಚೋಳಿಯ ಮುಲ್ಲಾಮಾರಿ ಸೇರುತ್ತದೆ, ಬೆಣ್ಣೆತೊರೆ ಸೇರುತ್ತದೆ, ಎರಡಕ್ಕೂ ಅಣೆಕಟ್ಟುಗಳಿವೆ, ಅಣೆಕಟ್ಟಿಗೆ ಬಾಗಿಲುಗಳಿವೆ, ಬಾಗಿಲು ತೆಗೆಯುವ ಅಧಿಕಾರಿಗಳಿದ್ದಾರೆ. ಹೊನಗುಂಟಿಯ ಬಳಿ ಕಾಗಿಣಾ ಭೀಮೆಗೆ ಬೀಳುತ್ತದೆ. ಭೀಮೆಯೇ ದಡ ಮೀರಿ ನಿಂತಿದ್ದರೆ ಕಾಗಿಣಾದ ನೀರು ಎಲ್ಲಿಗೆ ಇಳಿಯಬೇಕು? ಯಾವ ಬಾಗಿಲನ್ನು ಯಾವ ಹೊತ್ತಿಗೆ ಎಷ್ಟು ತೆಗೆಯಬೇಕು, ತೆಗೆಯುವ ಮೊದಲು ಯಾವ ಓಣಿಯಲ್ಲಿ ಡಂಗುರ ಸಾರಬೇಕು ಎಂಬುದು ಮನುಷ್ಯರ ಕೆಲಸ. ಚಿತ್ತಾಪುರ ತಾಲೂಕಿನ ದಂಡೋತಿ ಸೇತುವೆ ಮುಳುಗಿ ಹಾದಿ ಕಡಿಯುವುದು ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಗೊತ್ತಿರುವ ಆಪತ್ತನ್ನು ಆಕಸ್ಮಿಕವೆಂದು ಕರೆಯುವುದು ಹೇಗೆ? ಮತ್ತು ಯಾರು ತಗ್ಗಿನಲ್ಲಿದ್ದಾರೆ, ಯಾರು ದಿಬ್ಬದ ಮೇಲಿದ್ದಾರೆ ಎಂಬುದು ಮಳೆ ತೀರ್ಮಾನಿಸಿದ್ದಲ್ಲ. ನೀರಿಗೆ ಜಾತಿ ಇಲ್ಲ ಎನ್ನುತ್ತಾರೆ. ನಿಜ. ಆದರೆ ತಗ್ಗಿಗೆ ಜಾತಿ ಇದೆ.

ಮಳಖೇಡ ಮುಳುಗಿದಾಗಲೆಲ್ಲ ಪತ್ರಿಕೆಗಳಲ್ಲಿ ಬರುವ ಚಿತ್ರ ಒಂದೇ. ಜಯತೀರ್ಥರ ಸನ್ನಿಧಿ ಇರುವ ಮಠ ನೀರಿನಲ್ಲಿ ನಿಂತ ಚಿತ್ರ. 2020ರ ಅಕ್ಟೋಬರಿನಲ್ಲೂ ಅದೇ, 2025ರಲ್ಲೂ ಅದೇ. ಅದು ಪೂಜ್ಯ ಸ್ಥಳ, ಅಲ್ಲಿ ನೀರು ಹೊಕ್ಕಿತೆಂದರೆ ನಮಗೂ ನೋವು. ಆದರೆ ಮಠದ ಆಚೆಗೊಂದು ಓಣಿ ಇದೆ, ಅಲ್ಲಿಯೂ ಅದೇ ನೀರು ಹೊಕ್ಕಿದೆ ಎಂಬುದನ್ನು ಕ್ಯಾಮೆರಾ ಹೊತ್ತವರಿಗೆ ಯಾರು ಹೇಳಬೇಕು?

ಕಲೆಯ ಮಾತು ಬಂದರೆ ಮಳಖೇಡಕ್ಕೆ ಪಾಠ ಹೇಳುವ ಅಗತ್ಯ ಯಾರಿಗೂ ಇಲ್ಲ. ಇದು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿ. ಈ ನಾಡಿನ ಜನ ಓದು ಬರಹದ ತರಬೇತಿ ಇಲ್ಲದೆಯೂ ಕಾವ್ಯ ಬಲ್ಲವರೆಂದು ಆ ಗ್ರಂಥ ಹೊಗಳುತ್ತದೆ. ನಾವು ಶಾಲೆಯಲ್ಲಿ ಮಾಸ್ತರರಾಗಿದ್ದಾಗ ಈ ಮಾತನ್ನು ಮಕ್ಕಳಿಗೆ ಬಹಳ ಹೆಮ್ಮೆಯಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ಅದೇ ಮಕ್ಕಳ ತಾಯಂದಿರು ಬೀಸುವಾಗ, ಕಳೆ ಕೀಳುವಾಗ ಕಟ್ಟಿ ಹಾಡುವುದು ಕಾವ್ಯವೆಂದು ನಮಗೆ ಆಗ ಹೊಳೆಯಲಿಲ್ಲ.

ಇದೇ ಮಾನ್ಯಖೇಟದಲ್ಲಿ ಹತ್ತನೆಯ ಶತಮಾನದಲ್ಲಿ ಪುಷ್ಪದಂತನೆಂಬ ಅಪಭ್ರಂಶ ಕವಿ ಇದ್ದ. ಮಂತ್ರಿ ಭರತನ ಆಶ್ರಯದಲ್ಲಿ 965ರಲ್ಲಿ ಮಹಾಪುರಾಣ ಮುಗಿಸಿದ. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಊರನ್ನು ಲೂಟಿ ಮಾಡಿದ. ಸಿರಿವಂತ ನಗರ ಹಾಳಾಯಿತು, ಇನ್ನು ತಾನೆಲ್ಲಿ ಇರಲಿ ಎಂಬ ಅಳಲು ಪುಷ್ಪದಂತನ ಹೆಸರಿನಲ್ಲಿ ಒಂದು ಪದ್ಯದಲ್ಲಿ ಉಳಿದುಬಂದಿದೆ. ನಿಜವಾದ ಅಳಲು, ನಾವು ಗೇಲಿ ಮಾಡುವುದಿಲ್ಲ. ಆದರೆ ಅಂದು ಕುಂಬಾರನೂ ಇದ್ದ, ಅಗಸನೂ ಇದ್ದ, ಹೊಳೆದಂಡೆಯಲ್ಲಿ ಬೆಸ್ತನೂ ಇದ್ದ. ಅವರೆಲ್ಲಿ ಇದ್ದರೆಂದು ಯಾವ ಪದ್ಯವೂ ಕೇಳಲಿಲ್ಲ. ಸಾವಿರ ವರ್ಷದ ಹಿಂದಿನ ಆ ತಪ್ಪಿಗೆ ಕ್ಷಮೆ ಇದೆ. ಇಂದು ಮತ್ತೆ ಅದನ್ನೇ ಮಾಡಿದರೆ ಇಲ್ಲ.

ನೆರೆಯಿಂದ ಹುಟ್ಟಿದ ದೊಡ್ಡ ಕಾವ್ಯವೊಂದು ನಮ್ಮ ಹಳೆಯ ಸಂಸ್ಥಾನದಲ್ಲೇ ಇದೆ. ಗುಲ್ಬರ್ಗಾ ನಿಜಾಮರ ಕೈಕೆಳಗಿದ್ದ ಕಾಲ. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ಹೊಳೆ ಉಕ್ಕಿತು. ಮೂಸಿ ಹುಟ್ಟುವ ಅನಂತಗಿರಿಯೂ ನಮ್ಮ ಕಾಗಿಣಾ ಹರಿದುಬರುವ ತಾಂಡೂರೂ ಇಂದು ಒಂದೇ ವಿಕಾರಾಬಾದ್ ಜಿಲ್ಲೆಯಲ್ಲಿವೆ, ಅಕ್ಕತಂಗಿಯರಿದ್ದಂತೆ. ಸುಮಾರು 15,000 ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರು. ಉರ್ದು ಕವಿ ಅಮ್ಜದ್ ಹೈದರಾಬಾದಿಯವರ ಕಣ್ಣೆದುರೇ ಅವರ ತಾಯಿ, ಹೆಂಡತಿ, ಮಗಳು ಕೊಚ್ಚಿಹೋದರು. ಅವರೊಬ್ಬರೇ ಉಳಿದರು. ಆ ಸಂಕಟವನ್ನು ಅವರು ಪದ್ಯ ಮಾಡಿದರು, ಉರ್ದು ಬಲ್ಲವರು ಇಂದಿಗೂ ಅದನ್ನು ನೆನೆಯುತ್ತಾರೆ. ಅಂಥವರ ಮುಂದೆ ನಾವು ಟೋಪಿ ತೆಗೆದು ನಿಲ್ಲುತ್ತೇವೆ. ಮನೆಯವರನ್ನೇ ನೀರಿಗೆ ಕೊಟ್ಟವನ ಹಾಡಿಗೆ ಯಾವ ಲೆಕ್ಕಪತ್ರ ಕೇಳುವುದು? ಆದರೆ ಇನ್ನೊಂದು ಮಾತು ಗಮನಿಸಿರಿ. ಆ ನೆರೆಯ ನಂತರ ಸಂಸ್ಥಾನವು 1909ರಲ್ಲಿ ವಿಶ್ವೇಶ್ವರಯ್ಯನವರನ್ನು ಕರೆಸಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಕಟ್ಟಿದರು. ಮುಳುಗಿದ್ದು ರಾಜಧಾನಿ. ಅದಕ್ಕೇ ಕವಿಯೂ ಸಿಕ್ಕ, ಎಂಜಿನಿಯರೂ ಸಿಕ್ಕ. ಮಳಖೇಡ ರಾಜಧಾನಿಯಾಗಿದ್ದುದು ಬಹಳ ಹಿಂದೆ.

ಇನ್ನು ಚಿತ್ರಕಾರರ ಮಾತು. 1942ರ ಅಕ್ಟೋಬರಿನಲ್ಲಿ ಬಂಗಾಳದ ಮಿಡ್ನಾಪುರಕ್ಕೆ ಚಂಡಮಾರುತ ಬಡಿದು ಸಮುದ್ರವೇ ಊರೊಳಗೆ ನುಗ್ಗಿತು. ಮರುವರ್ಷ ಬರಗಾಲ. 1943ರಲ್ಲಿ ಚಿತ್ತಪ್ರಸಾದ್ ಎಂಬ ತರುಣ ಅಲ್ಲಿ ಹಳ್ಳಿ ಹಳ್ಳಿ ತಿರುಗಿ, ಕಪ್ಪು ಮಸಿಯಲ್ಲಿ ಜನರನ್ನು ಬರೆದ. ಬರೀ ಬರೆಯಲಿಲ್ಲ, ಇವರು ಯಾರು, ಯಾವೂರು, ಮನೆಯಲ್ಲಿ ಯಾರು ಯಾರು ಸತ್ತರು ಎಂದು ಕೇಳಿ ಟಿಪ್ಪಣಿ ಹಾಕಿದ. ಆ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದು ನಾಶಮಾಡಿತು. ಚಿತ್ತಪ್ರಸಾದ್ ಕಮ್ಯುನಿಸ್ಟ್ ಪಕ್ಷದವರು. ಅವರ ಪಕ್ಷಕ್ಕೂ ನಮಗೂ ಇರುವ ಜಗಳ ಬೇರೆ, ಅದನ್ನು ಇನ್ನೊಂದು ವಾರ ಆಡೋಣ. ಆದರೆ ಸರ್ಕಾರ ಹೆದರಿ ಸುಡುವಂಥ ಚಿತ್ರ ಬರೆದ ಮನುಷ್ಯನನ್ನು ಹೊಗಳದಿರುವುದು ಸಣ್ಣತನ. ಅದೇ ಬರಗಾಲವನ್ನು ಅಗ್ಗದ ಕಾಗದದ ಮೇಲೆ ಬರೆದ ಜೈನುಲ್ ಅಬೆದಿನ್ 1970ರ ನವೆಂಬರಿನ ಭಾರಿ ಚಂಡಮಾರುತದ ನಂತರ ಮನ್ಪುರಾ ದ್ವೀಪದ ಹೆಣಗಳನ್ನು ಸುಮಾರು 30 ಅಡಿ ಉದ್ದದ ಸುರುಳಿಯಲ್ಲಿ ಬರೆದರು. 30 ಅಡಿಯ ಹೆಣದ ಸಾಲನ್ನು ಯಾವ ಸಾಹುಕಾರ ತನ್ನ ದಿವಾನಖಾನೆಗೆ ತೂಗುಹಾಕಿಕೊಂಡಾನು?

ನಮ್ಮ ಜನಪದರೂ ಇದನ್ನು ಬಲ್ಲರು. ಕೆರೆಗೆ ಹಾರ ಎಂಬ ಕಥನಗೀತೆಯನ್ನು ಕೇಳದ ಕನ್ನಡಿಗರಿಲ್ಲ. ಕೆರೆಗೆ ನೀರು ಬರಲೆಂದು ಬಲಿಯಾದವಳು ಕಿರಿಯ ಸೊಸೆ ಭಾಗೀರಥಿ. ಆ ಹಾಡನ್ನು ತ್ಯಾಗದ ಹಾಡೆಂದು ಪಠ್ಯಪುಸ್ತಕ ಹೇಳುತ್ತದೆ, ನಾವೂ ಹಾಗೆಯೇ ಪಾಠ ಮಾಡಿದ್ದೇವೆ. ಈಗ ಅನ್ನಿಸುತ್ತದೆ, ಹಾಡು ಕಟ್ಟಿದ ಹೆಣ್ಣುಮಕ್ಕಳು ತ್ಯಾಗವನ್ನಷ್ಟೇ ಹಾಡಲಿಲ್ಲ. ಕೆರೆ ಕಟ್ಟಿಸಿದ ಗೌಡನ ಹೆಸರು ಹೇಳಿದರು, ಊರಿನ ಹೆಸರು ಹೇಳಿದರು, ಮನೆಯವರು ಕೂತು ಯಾರನ್ನು ಆರಿಸಿದರೆಂದು ಹೇಳಿದರು. ಕಿರಿಯಳನ್ನೇ ಏಕೆ ಎಂಬ ಪ್ರಶ್ನೆ ಕೇಳುವವರ ಎದೆಯಲ್ಲಿ ತಾನಾಗಿ ಏಳುತ್ತದೆ. ನಮ್ಮ ಪೇಟೆಯ ಚಿತ್ರದಲ್ಲಿ ಗೌಡನೂ ಇಲ್ಲ, ಊರೂ ಇಲ್ಲ. ಮುದುಕಿ ಒಬ್ಬಳೇ ಇದ್ದಾಳೆ, ಆಕೆಗೂ ಹೆಸರಿಲ್ಲ.

ಪ್ರದರ್ಶನದ ದಿನ ಚಿತ್ರಕಾರರನ್ನು ನಾವು ಮಾತಾಡಿಸಿದೆವು. ಮರ್ಯಾದಸ್ಥ ತರುಣ. "ನಾನು ತಲಾಟಿ ಅಲ್ಲ ಸರ್. ಪಂಚನಾಮೆ ಮಾಡುವುದು ನನ್ನ ಕೆಲಸ ಅಲ್ಲ. ನೋಡಿದವರ ಮನಸ್ಸು ಕರಗಿದರೆ ಸಾಕು" ಎಂದ. ಈ ಮಾತಿಗೆ ನಾವು ಅಲ್ಲಿಯೇ ಬಿಸಿಯಾಗಿ ಉತ್ತರ ಕೊಟ್ಟೆವು. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಒಂದು ಸಂಗತಿ ನಮ್ಮನ್ನು ಕುಟುಕಿತು. ಆಯಿಯ ಬೆರಳಿನ ಬಿರುಕನ್ನು ಕಂಡವನು ಆ ತರುಣ. ನಾವು ಕಂಡಿರಲಿಲ್ಲ. ನೆರೆ ಇಳಿದ ಮೇಲೆ ನಾವು ಮೂರು ಸಲ ಆ ಓಣಿಗೆ ಹೋಗಿದ್ದೆವು. ಸಾಮೂಹಿಕ ಅರ್ಜಿಗೆ ಆಕೆಯ ಹೆಬ್ಬೆಟ್ಟು ಒತ್ತಿಸಿದವರು ನಾವೇ. ಆ ಬೆರಳನ್ನು ನಮ್ಮ ಕೈಯಲ್ಲಿ ಹಿಡಿದು ಮಸಿ ಹಚ್ಚಿದ್ದೆವು, ಆದರೂ ನೋಡಿರಲಿಲ್ಲ. ಮನೆಗೆ ಬಂದು ಅರ್ಜಿಯ ನಕಲು ತೆಗೆದು ನೋಡಿದರೆ ಆಕೆ ಕ್ರಮಸಂಖ್ಯೆ 43. ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರೆದು, ಮುಂದೆ 'ಇವರ ಹೆಂಡತಿ' ಎಂದಿತ್ತು. ಬರೆದ ಅಕ್ಷರ ನಮ್ಮದೇ. ಚಿತ್ರದಲ್ಲಿ ಹೆಸರಿಲ್ಲವೆಂದು ಕೂಗಾಡಿದ ನಾವು ಅರ್ಜಿಯಲ್ಲಿ ಏನು ಮಾಡಿದ್ದೆವು? ಪಕ್ಷದ ಕೆಲಸಗಾರರು ಇದನ್ನು ಓದಿ ಸಿಟ್ಟಾದರೆ ಆಗಲಿ.

ಮರುದಿನ ಹೋಗಿ ಹೆಸರು ಕೇಳಿ ಬರೆದುಕೊಂಡೆವು. ಮೊಬೈಲಿನಲ್ಲಿ ತೆಗೆದಿದ್ದ ಆ ಚಿತ್ರವನ್ನೂ ಆಯಿಗೆ ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿದಳು. ಚಿತ್ರ ಚಂದ ಬಂದಿದೆ ಎಂದಳು. ಆಮೇಲೆ ಕೇಳಿದಳು: "ಜ್ವಾಳ ಕರ್ರಗಾಗಿ ಮುಗ್ಗಲ ಹಿಡಿದಿತ್ತಲ್ಲಪ್ಪ. ದನಾ ಸೈತ ಮೂಸಿಲ್ಲ. ಇಂವ ಯಾಕ ಬಂಗಾರದಂಗ ಬರದಾನ?"

ಕಲಾ ವಿಮರ್ಶಕರು ಇದಕ್ಕಿಂತ ದೊಡ್ಡ ಪ್ರಶ್ನೆ ಕೇಳಿದ್ದನ್ನು ನಾವು ಕಂಡಿಲ್ಲ. ಬಂಗಾರದ ಬಣ್ಣ ಹಚ್ಚಿದ್ದು ಕೊಳ್ಳುವವನಿಗಾಗಿ. ಕಪ್ಪು ಕಾಳು ಗೋಡೆಯ ಮೇಲೆ ಶೋಭಿಸುವುದಿಲ್ಲ. ಮನಸ್ಸು ಕರಗುತ್ತದೆ ಎನ್ನುತ್ತಾರಲ್ಲ, ಕರಗಿದ ಮನಸ್ಸು ಚೌಕಟ್ಟಿಗೆ ರೊಕ್ಕ ಕೊಟ್ಟು ಮನೆಗೆ ಹೋಗಿ ತಣ್ಣಗಾಗುತ್ತದೆ. 2009ರ ನೆರೆಯನ್ನು ನೆನೆಯಿರಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕ ಮುಳುಗಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂದೂ ಮನಸ್ಸು ಕರಗಿತು. ಮಂತ್ರಿಮಹೋದಯರು ಬೆಂಗಳೂರಿನ ಬೀದಿಯಲ್ಲಿ ಪಾದಯಾತ್ರೆ ಮಾಡಿ ದೇಣಿಗೆ ಎತ್ತಿದರು, ಪ್ರಧಾನಿ ವಿಮಾನದಿಂದ ನೋಡಿ 1,000 ಕೋಟಿ ಸಾರಿದರು, ಆಸರೆ ಎಂಬ ಹೆಸರಿನಲ್ಲಿ ದಾನಿಗಳಿಂದ ಮನೆ ಕಟ್ಟಿಸಿದರು. ಎಷ್ಟೋ ಊರುಗಳಲ್ಲಿ ಆ ಮನೆಗಳು ಹೊಲದಿಂದ ದೂರ, ದನ ಕಟ್ಟಲು ಜಾಗವಿಲ್ಲ, ನೀರಿಲ್ಲ, ಜನ ಹೋಗಲಿಲ್ಲ. ಬಾಗಿಲಿಗೆ ಜಾಲಿ ಬೆಳೆಯಿತು. ದಾನಿಯ ಹೆಸರಿನ ಕಲ್ಲು ಮಾತ್ರ ಚೊಕ್ಕಟವಾಗಿ ನಿಂತಿದೆ.

ಬೇರೆ ದಾರಿ ಇಲ್ಲವೆ? ಇದೆ. 2018ರ ಕೇರಳದ ನೆರೆಯಲ್ಲಿ ಚೇಂದಮಂಗಲದ ಕೈಮಗ್ಗದ ನೇಕಾರರ ಸೀರೆಗಳೆಲ್ಲ ಓಣಂ ಹಬ್ಬದ ಮಾರಾಟಕ್ಕೆ ಮೊದಲೇ ಕೆಸರಾದವು. ಸುಡುವುದೊಂದೇ ಉಳಿದಿತ್ತು. ಕೆಲವರು ಆ ಸೀರೆಗಳನ್ನು ತೊಳೆದು, ಹರಿದು, ಚೇಕುಟ್ಟಿ ಎಂಬ ಬಟ್ಟೆಯ ಗೊಂಬೆ ಮಾಡಿದರು. ಒಂದು ಸೀರೆಗೆ 360 ಗೊಂಬೆ, ಒಂದಕ್ಕೆ 25 ರೂಪಾಯಿ, ಅಂದರೆ 9,000. ಹೊಸದಾಗಿ ಮಾರಿದ್ದರೆ ಸೀರೆಗೆ ಸಾವಿರದ ಚಿಲ್ಲರೆ ಬರುತ್ತಿತ್ತು. ರೊಕ್ಕ ನೇಕಾರರ ಸಹಕಾರ ಸಂಘಕ್ಕೆ ಹೋಯಿತು. ಗೊಂಬೆಯ ಮೈಮೇಲೆ ಕಲೆ ಹಾಗೆಯೇ ಉಳಿಯಿತು, ಯಾರೂ ಅದಕ್ಕೆ ಬಂಗಾರದ ಬಣ್ಣ ಬಳಿಯಲಿಲ್ಲ. ಗೊಂಬೆಯಿಂದ ಸಮಾಜವಾದ ಬರುವುದಿಲ್ಲ, ಅಷ್ಟು ನಮಗೂ ಗೊತ್ತು. ಆದರೆ ಯಾರ ಕೆಸರೋ ಅವರಿಗೇ ಅದರ ಬೆಲೆ ಎಂಬ ಸಾದಾ ನ್ಯಾಯ ಅಲ್ಲಿತ್ತು.

ಆದ್ದರಿಂದ ಪ್ರದರ್ಶನ ನಡೆಸಿದ ಮಹನೀಯರಿಗೆ ನಮ್ಮ ಬೇಡಿಕೆ ಇಷ್ಟು. ಆ ಚಿತ್ರಗಳನ್ನು ಒಂದು ಸಂತೆಯ ದಿನ ಮಳಖೇಡಕ್ಕೆ ತನ್ನಿರಿ, ಶಾಲೆಯ ಕೋಣೆಯಲ್ಲಿ ತೂಗುಹಾಕಿರಿ. ಬರೆಸಿಕೊಂಡವರು ನೋಡಲಿ, ತಪ್ಪಿದ್ದರೆ ಹೇಳಲಿ. ಮಾರಾಟದ ಹಣದಲ್ಲಿ ಚಿತ್ರಕಾರನ ಕೂಲಿ, ಬಣ್ಣದ ಖರ್ಚು ಕಳೆದು (ಅವನೂ ದುಡಿದು ತಿನ್ನುವವನೇ) ಉಳಿದುದನ್ನು ಆ ಓಣಿಗೆ ಕೊಡಿರಿ. ಚಿತ್ರದ ಪಕ್ಕದಲ್ಲಿ ಪರಿಹಾರ ಬಾರದವರ ಯಾದಿಯನ್ನೂ ಅಂಟಿಸಿರಿ, ಯಾದಿ ನಾವು ಕೊಡುತ್ತೇವೆ. ಕೋಟೆಯ ಕಲ್ಲಿಗೆ ಯಾರೂ ಕೈ ಹಚ್ಚಬೇಡಿರಿ. ಆದರೆ ಶಾಲೆಯ ಗೋಡೆಗೆ, ಪಂಚಾಯತಿಯ ಗೋಡೆಗೆ, 2020ರಲ್ಲಿ ನೀರು ಎಲ್ಲಿಗೆ ನಿಂತಿತ್ತು, 2025ರಲ್ಲಿ ಎಲ್ಲಿಗೆ ನಿಂತಿತ್ತು ಎಂದು ಊರವರನ್ನು ಕೇಳಿ ದೊಡ್ಡ ಗೆರೆ ಎಳೆಯಿರಿ, ಇಸವಿ ಬರೆಯಿರಿ. ಆ ಗೆರೆಯ ಕೆಳಗೆ ನಿಂತು ಹೊಸ ಮನೆಯ ಜಾಗದ ಮಾತಾಡಲು ಬರುವ ಅಧಿಕಾರಿಗೆ ಬೇರೆ ನಕ್ಷೆ ಬೇಕಾಗದು. ಗೀಗೀ ಪದದ ಮೇಳದವರಿಗೂ ನಾವು ಹೇಳಿಕಳಿಸಿದ್ದೇವೆ. ಹೆಕ್ಟೇರಿಗೆ ಎಷ್ಟು, ಲಾವಣಿ ಹಿಡಿದವನಿಗೆ ಎಷ್ಟು, ಕೂಲಿಯವನಿಗೆ ಎಷ್ಟು ಎಂಬುದನ್ನು ಪದ ಕಟ್ಟಿ ಹಾಡಿದರೆ ಸುತ್ತೋಲೆ ಓದಲು ಬಾರದವರಿಗೂ ತಿಳಿಯುತ್ತದೆ.

ಸರ್ಕಾರಕ್ಕೆ ಹೇಳಬೇಕಾದ್ದನ್ನು ಅರ್ಜಿಯಲ್ಲಿ ಬರೆದಿದ್ದೇವೆ. ಪಹಣಿಯಲ್ಲಿ ಹೆಸರಿಲ್ಲದ ಗುತ್ತಿಗೆ ರೈತನನ್ನು ಪಂಚರ ಸಾಕ್ಷಿಯ ಮೇಲೆ ರೈತನೆಂದು ಎಣಿಸಬೇಕು. ಹೊಲದಲ್ಲಿ ನೀರು ನಿಂತು ಕೆಲಸ ತಪ್ಪಿದ ದಿನಗಳಿಗೆ ಕೂಲಿಕಾರರಿಗೆ ಕೂಲಿ ಕೊಡಬೇಕು. ಎರಡು ದಿನದ ಷರತ್ತು ತೆಗೆಯಬೇಕು. ಅಣೆಕಟ್ಟಿನ ಬಾಗಿಲು ತೆಗೆಯುವ ಮೊದಲು ಓಣಿ ಓಣಿಗೆ ಡಂಗುರ ಬರಬೇಕು.

ಅರ್ಜಿಯನ್ನು ನಾವು ಮೊದಲಿನಿಂದ ಮತ್ತೆ ಬರೆಯುತ್ತಿದ್ದೇವೆ, ಈ ಸಲ ಹೆಂಗಸರ ಹೆಸರನ್ನು ಅವರದೇ ಹೆಸರಾಗಿ. ಬರುವ ಸಂತೆಯ ದಿನ ಬೆಳಿಗ್ಗೆಯಿಂದ ನಮ್ಮ ಸಂಗಾತಿಗಳು ಮಳಖೇಡದಲ್ಲಿ ಕುಳಿತಿರುತ್ತಾರೆ. ಪಹಣಿ ಇಲ್ಲದವರೂ ಬರಬಹುದು. ಪಡಿತರ ಚೀಟಿ, ಆಧಾರ್ ಕಾರ್ಡು ಇದ್ದರೆ ತನ್ನಿರಿ. ನೀರುಪಾಲಾಗಿದ್ದರೆ ಹಾಗೆಯೇ ಬನ್ನಿರಿ.